ಚೀಟಿಯಲ್ಲಿ ಇಲ್ಲದ ತಿಂಗಳು

ಆ ವರ್ಷದ ಭೀಮನ ಅಮಾವಾಸ್ಯೆಯ ದಿನ ಅವ್ವ ಬೆಸಗರಹಳ್ಳಿ ಕಡೆಯಿಂದ ಬರುವ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಬಂದು ಮದ್ದೂರಿನಲ್ಲಿ ಇಳಿದಳು. ಕಂಕುಳಲ್ಲಿ ಬಟ್ಟೆಯ ಗಂಟು. ಗಂಟಿನಲ್ಲಿ ಎರಡು ಸೀರೆ, ಒಂದು ಕಂಬಳಿ, ಅವಳು ಉಣ್ಣುವ ಕಂಚಿನ ಗಂಗಳ, ಒಂದು ಪುಟ್ಟ ಮಡಕೆ, ಎಲೆಯಡಿಕೆಯ ಚೀಲ, ಮತ್ತೆ ಒಂದು ಹೊತ್ತಿಗಾಗುವಷ್ಟು ರಾಗಿಹಿಟ್ಟು. ನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ದಾರಿಯ ಕತೆ ಹೇಳಿದಳು.

‘ಎರಡು ಸಲ ನಿಂತೋಯ್ತು ಕಣವ್ವ ಬಸ್ಸು. ಎಲ್ಲಾರ್ನೂ ಇಳಿಸಿ ತಳ್ಳಿ ಅಂದ. ನೀನೂ ತಳ್ಳಮ್ಮೋ ಅಂದ ನಂಗೆ. ನಾನು ತಳ್ಳುಸ್ಕೊಂಡು ಓಡಾಡೋಳು ಕಣಪ್ಪ, ತಳ್ಳೋಳಲ್ಲ ಅಂದೆ. ಬಸ್ಸಲ್ಲಿದ್ದೋರೆಲ್ಲ ನಕ್ಕರು.’

ಅವಳೂ ನಕ್ಕಳು. ಆಮೇಲೆ ಹಿತ್ತಿಲಿಗೆ ಹೋಗಿ ಮೂರು ಕಲ್ಲು ಜೋಡಿಸಿ, ತಾನು ತಂದ ಹಿಟ್ಟಿನಲ್ಲಿ ಮುದ್ದೆ ಮಾಡಿಕೊಂಡು, ನಾನು ಕೊಟ್ಟ ಉಪ್ಸಾರಿನಲ್ಲಿ ಉಂಡಳು. ಉಪ್ಪು, ನೀರು, ಸೊಪ್ಪಿನ ಸಾರು ಯಾರ ಮನೆಯದಾದರೂ ಸರಿ, ಹಿಟ್ಟು ಮಾತ್ರ ಮಗನ ಮನೆಯದಾಗಬೇಕು ಎನ್ನುವುದು ಅವಳ ಕಟ್ಟು. ಮೂರು ಗಂಡು ಹೆತ್ತವಳು ಮಗಳ ಮನೆಯ ಹಿಟ್ಟು ತಿಂದರೆ ಗಂಡುಮಕ್ಕಳ ಮುಖಕ್ಕೆ ಮಸಿ ಬಳಿದಂತೆ ಎಂದು ಅವಳು ನಂಬಿದ್ದಳು. ಆ ಮುಖಗಳನ್ನು ನಾನು ಬಲ್ಲೆ. ಮಸಿ ಬಳಿದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಆ ದಿನ ಇಷ್ಟೇ. ಬೇರೇನೂ ನಡೆಯಲಿಲ್ಲ. ನಾನು ಪೂಜೆ ಮಾಡಿದೆ, ಅವ್ವ ಜಗಲಿಯಲ್ಲಿ ತೂಕಡಿಸಿದಳು, ಯಜಮಾನರು ಇಸ್ಕೂಲಿನಿಂದ ಬಂದು ‘ಚೆನ್ನಾಗಿದ್ದೀರಾ ಅತ್ತೆ’ ಎಂದರು. ಅಂಥ ದಿನಗಳು ವರ್ಷಕ್ಕೆ ಮೂರು ಸಲ ಬರುತ್ತಿದ್ದವು. ಹಾಗೆ ಬಂದುಹೋಗುವ ದಿನಗಳಲ್ಲಿ ಅದೇ ಕೊನೆಯದು ಎಂದು ಗೊತ್ತಿದ್ದರೆ ನಾನು ಅವಳ ಪಕ್ಕದಲ್ಲಿ ಇನ್ನಷ್ಟು ಹೊತ್ತು ಕೂರುತ್ತಿದ್ದೆ.

ಮೂರು ಸಲ ಏಕೆಂದರೆ ಅವಳು ಮೂರು ಮನೆ ತಿರುಗುತ್ತಿದ್ದಳು. ದೊಡ್ಡಣ್ಣ ಬೆಸಗರಹಳ್ಳಿಯ ಹತ್ತಿರದ ನಮ್ಮೂರಿನಲ್ಲೇ ಬೇಸಾಯ ಮಾಡಿಕೊಂಡಿದ್ದ. ಚಿಕ್ಕಣ್ಣ ಮಂಡ್ಯದಲ್ಲಿ ಗುಮಾಸ್ತ. ತಮ್ಮ ಮಳವಳ್ಳಿಯಲ್ಲಿ ಬೆಲ್ಲದ ವ್ಯಾಪಾರ ಇಟ್ಟಿದ್ದ. ನನ್ನನ್ನು ಮದ್ದೂರಿನ ಮೇಷ್ಟರಿಗೆ ಕೊಟ್ಟಿದ್ದರು. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕಾದರೂ ಅವ್ವ ಮದ್ದೂರಿನಲ್ಲಿ ಇಳಿದು ಬಸ್ಸು ಬದಲಾಯಿಸಬೇಕು, ಇಲ್ಲವೇ ರೈಲು ಹತ್ತಬೇಕು. ಹಾಗಾಗಿ ನನಗೆ ವರ್ಷಕ್ಕೆ ಮೂರು ದಿನ ಅವ್ವ ಸಿಗುತ್ತಿದ್ದಳು. ನನ್ನ ಪಾಲಿಗೆ ಬಂದ ಆಸ್ತಿ ಅದು.

ಪಾಲಾದದ್ದು ಯುದ್ಧ ಮುಗಿದ ವರ್ಷ, ದೀಪಾವಳಿ ಕಳೆದ ಮೇಲೆ. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ಊರಿನ ಹಿರಿಯರು ಬಂದು ನಮ್ಮ ಜಗಲಿಯಲ್ಲಿ ಕೂತು ಎರಡು ದಿನ ಭಾಗ ಮಾಡಿದರು. ಗದ್ದೆ, ಹೊಲ, ಎತ್ತು, ತೆಂಗಿನ ಮರ ಎಲ್ಲ ಆಯಿತು. ತಿಪ್ಪೆಗುಂಡಿಗೂ ಹಗ್ಗ ಎಳೆದು ಮೂರು ಮಾಡಿದರು. ಅವ್ವ ಉಳಿದಳು. ಹಿರಿಯರಲ್ಲಿ ಒಬ್ಬರು, ‘ಮುದುಕಿ ಜೀವನಕ್ಕೆ ಅಂತ ಒಂದು ತುಂಡು ಗದ್ದೆ ಅವಳ ಎಸರಲ್ಲಿ ಬುಡ್ರಪ್ಪ, ಇರಗಂಟ ಉಣ್ಲಿ’ ಎಂದರು. ದೊಡ್ಡಣ್ಣನಿಗೆ ರೋಷ ಬಂತು.

‘ಅವ್ವನ್ಗ್ಯಾಕೆ ಗದ್ದೆ? ಅವಳೇನು ಆರು ಕಟ್ಟಿ ಉಳಕ್ಕೋದಾಳಾ? ನಾವು ಮೂರು ಜನ ಗಂಡುಮಕ್ಳು ಸತ್ತೋಗಿದ್ದೀವಾ?’

‘ಮಕ್ಳು ಅಂದ್ರೆ ಇಂಗಿರ್ಬೇಕು’ ಎಂದು ಜಗಲಿ ತುಂಬ ತಲೆದೂಗಿದರು. ತಾಯಿಗೆ ಒಂದು ತುಂಡು ಗದ್ದೆ ಕೊಡದಿರುವುದಕ್ಕೆ ತಾಯಿಯ ಮೇಲಿನ ಪ್ರೀತಿ ಎಂದು ಹೆಸರು. ಅವತ್ತು ಆ ಮಾತು ಕೇಳಿ ನನ್ನ ಕಣ್ಣೂ ತುಂಬಿಬಂದಿತ್ತು. ಅದನ್ನು ನೆನೆದರೆ ನನ್ನ ಬಗ್ಗೆಯೂ ಹೇಸಿಗೆಯಾಗುತ್ತದೆ.

ಆಸ್ತಿಯನ್ನು ಶಾನುಭೋಗರು ಛಾಪಾ ಕಾಗದದ ಮೇಲೆ ಬರೆದರು. ಅವ್ವನನ್ನು ಯಾರು ಯಾವಾಗ ಇಟ್ಟುಕೊಳ್ಳಬೇಕು ಎನ್ನುವುದಕ್ಕೆ ಛಾಪಾ ಕಾಗದ ದಂಡ ಎಂದು, ನನ್ನ ಅಕ್ಷರ ದುಂಡಗಿದೆಯೆಂದು, ನನ್ನ ಕೈಯಲ್ಲಿ ಬರೆಸಿದರು. ಯಜಮಾನರ ಜೇಬಿನಲ್ಲಿದ್ದ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡೆ. ನಾನು ಮಿಡ್ಲ್‌ಸ್ಕೂಲಿನ ತನಕ ಓದಿದವಳು. ಅವರು ಹೇಳುತ್ತ ಹೋದರು, ನಾನು ಬರೆದೆ. ಚೈತ್ರದಿಂದ ಆಷಾಢ, ದೊಡ್ಡಮಗ. ಶ್ರಾವಣದಿಂದ ಕಾರ್ತಿಕ, ಎರಡನೆಯವನು. ಮಾರ್ಗಶಿರದಿಂದ ಫಾಲ್ಗುಣ, ಕಿರಿಯವನು. ಅಮಾವಾಸ್ಯೆ ಕಳೆದ ಪಾಡ್ಯದ ದಿನ ಬದಲಾವಣೆ. ಬರೆದು ಮುಗಿಸಿ ಗಟ್ಟಿಯಾಗಿ ಓದಿದೆ.

ಒಳಬಾಗಿಲಲ್ಲಿ ಕೂತಿದ್ದ ಅವ್ವ ಕೇಳಿದಳು: ‘ಅದಿಕ?’

ಎರಡು ಮೂರು ವರ್ಷಕ್ಕೊಂದು ಸಲ ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚು ಬರುತ್ತದೆ. ಅದೇ ಅಧಿಕ ಮಾಸ. ಅಕ್ಷರ ಬಾರದ ಅವ್ವನಿಗೆ ಅದು ನೆನಪಾಯಿತು, ಎರಡು ದಿನ ತಿಪ್ಪೆ ಅಳೆದವರಿಗೆ ಆಗಲಿಲ್ಲ.

‘ಅದು ಬಂದಾಗ ನೋಡ್ಕಳದು ಬುಡವ್ವ’ ಎಂದರು ಒಬ್ಬ ಹಿರಿಯರು. ‘ಅದು ಬರೋವತ್ಗೆ ನೀನು ಇರ್ತೀಯೋ ಇಲ್ವೋ!’

ಎಲ್ಲರೂ ನಕ್ಕರು. ಅವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಹಾಳೆ ಮಡಿಸಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಅದಾಗಿ ಎರಡನೆಯ ವರ್ಷ ಆ ತಿಂಗಳು ಬಂತು. ಅವ್ವ ಇನ್ನೂ ಇದ್ದಳು.

ಭೀಮನ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಅವಳನ್ನು ರೈಲಿನಲ್ಲಿ ಮಂಡ್ಯಕ್ಕೆ ಕರೆದುಕೊಂಡು ಹೋದೆ. ಆಷಾಢ ಮುಗಿದಿತ್ತು, ಇನ್ನು ಚಿಕ್ಕಣ್ಣನ ಸರದಿ. ಅವನ ಮನೆಯ ಮುಂದಿನ ಆರಾಮ ಕುರ್ಚಿಯಲ್ಲಿ ಅವನ ಮಾವ ಕೂತು ಕಾಫಿ ಕುಡಿಯುತ್ತಿದ್ದರು. ಯಲಿಯೂರಿನವರು, ಅಮಲ್ದಾರರ ಕಚೇರಿಯಲ್ಲಿ ದಫೇದಾರರಾಗಿದ್ದು ಪಿಂಚಣಿ ತೆಗೆದುಕೊಂಡವರು. ಪಿಂಚಣಿ ಬರುವ ಮುದುಕರಿಗೆ ಆ ಮನೆಯಲ್ಲಿ ಕುರ್ಚಿ ಇತ್ತು, ಮೊದಲ ಕಾಫಿ ಇತ್ತು, ಕೆಮ್ಮಿದರೆ ಬಿಸಿನೀರು ಇತ್ತು. ಅವ್ವ ಜಗಲಿಯ ಅಂಚಿನಲ್ಲಿ ಕೂತಳು.

‘ಏನಮ್ಮೀ, ಇವತ್ತೇ ಕರ್ಕೊಂಡು ಬಂದ್ಬುಟ್ಟೆ?’ ಎಂದ ಚಿಕ್ಕಣ್ಣ.

‘ಆಷಾಢ ಮುಗೀತಲ್ಲಣ್ಣ. ಇವತ್ತು ಪಾಡ್ಯ.’

‘ಪಾಡ್ಯ ಸರಿ. ಯಾವ ಪಾಡ್ಯ? ಗೋಡೇಲಿ ಪಂಚಾಂಗ ಅದೆ, ಓದಿದೋಳು ನೀನು, ನೋಡು.’

ನೋಡಿದೆ. ಅಧಿಕ ಶ್ರಾವಣ ಎಂದಿತ್ತು.

‘ನಂದು ಸ್ರಾವಣದಿಂದ. ನಿಜ ಸ್ರಾವಣ ಬರದು ಮುಂದಿನ ತಿಂಗ್ಳು. ನಾನೇಳ್ತಿಲ್ಲ ಕಣಮ್ಮೀ, ಚೀಟಿ ಏಳ್ತದೆ. ನಿಂದೇ ಅಕ್ಸರ.’

ಮಾವನವರು ಕಾಫಿಯ ಲೋಟ ಕೆಳಗಿಟ್ಟರು. ‘ಪಂಚಾಂಗದ ತಾಪತ್ರಯವೇ ಇದು ಕಣಮ್ಮ. ನಮ್ಮ ಪಿಂಚಣಿ ನೋಡು, ಇಂಗ್ಲಿಷ್ ತಿಂಗಳ ಲೆಕ್ಕ. ಅಧಿಕ ಇಲ್ಲ, ಗಿಧಿಕ ಇಲ್ಲ.’

ಚಿಕ್ಕಣ್ಣನ ಸಂಬಳವೂ ಇಂಗ್ಲಿಷ್ ತಿಂಗಳ ಲೆಕ್ಕದಲ್ಲೇ ಬರುತ್ತಿತ್ತು. ಅವನ ರೇಷನ್ ಕಾರ್ಡಿನಲ್ಲಿ ಅವ್ವನ ತಲೆ ವರ್ಷವಿಡೀ ಇತ್ತು. ಅವಳು ಮಳವಳ್ಳಿಯಲ್ಲಿದ್ದರೂ ಊರಿನಲ್ಲಿದ್ದರೂ ಅವಳ ಹೆಸರಿನ ಅಕ್ಕಿ ಮಂಡ್ಯದಲ್ಲಿ ಬೇಯುತ್ತಿತ್ತು. ಪಂಚಾಂಗ ಬೇಕಾದದ್ದು ಅವ್ವನಿಗೆ ಮಾತ್ರ.

ಒಳಗಿಂದ ಕಜ್ಜಾಯದ ವಾಸನೆ ಬರುತ್ತಿತ್ತು. ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅಧಿಕ ಮಾಸದಲ್ಲಿ ಮೂವತ್ತಮೂರು ಕಜ್ಜಾಯ ದಾನ ಕೊಟ್ಟರೆ ಎರಡು ಪಟ್ಟು ಪುಣ್ಯ ಎಂದು ಪಕ್ಕದ ಮನೆಯವರು ಹೇಳಿಕೊಟ್ಟಿದ್ದರಂತೆ.

‘ಸರಿಯಾಗಿ ಮೂವತ್ತಮೂರೇ ಇರ್ಬೇಕಂತೆ ಕಣಮ್ಮೀ, ಒಂದು ಕಮ್ಮಿಯಾದ್ರೂ ಫಲ ಇಲ್ವಂತೆ. ಅದ್ಕೇ ನಿಮ್ಗೆ ಕೊಡಕ್ಕಾಯ್ತಿಲ್ಲ, ತಪ್ಪು ತಿಳ್ಕಬೇಡಿ. ಅತ್ತೇನ ಇಟ್ಕಬೌದಿತ್ತು. ಆದ್ರೆ ಅದಿಕದಲ್ಲಿ ಮನೆಗೆ ಒಸಬರನ್ನ ಸೇರಿಸ್ಕಬಾರ್ದು ಅಂತಾರೆ.’

ಹೊಸಬರು ಎಂದರೆ ಅವ್ವ.

ಅವ್ವನೇ ಎದ್ದು ಗಂಟು ಎತ್ತಿಕೊಂಡಳು. ‘ಅವನೇಳದು ಸರಿಯಾಗದೆ ಕಣವ್ವ. ಅವನ ತಿಂಗ್ಳು ಇನ್ನೂ ಬಂದಿಲ್ವಲ್ಲ. ನಡಿ, ರೈಲಿಗೆ ಒತ್ತಾಯ್ತದೆ.’

ಅವ್ವನಿಗೆ ಬರಹದ ಮೇಲೆ ದೊಡ್ಡ ಗೌರವ. ತನಗೆ ಬಾರದ್ದಕ್ಕೇ ಇರಬೇಕು. ಚೀಟಿಯಲ್ಲಿ ಇದ್ದದ್ದೆಲ್ಲ ಅವಳಿಗೆ ನ್ಯಾಯ, ಇಲ್ಲದ್ದು ಅನ್ಯಾಯ.

ಅಲ್ಲಿಂದ ತಿರುಗಿ ಊರಿಗೆ ಹೋದೆವು. ದೊಡ್ಡಣ್ಣ ಕೊಟ್ಟಿಗೆಯಲ್ಲಿದ್ದ. ಬಗಲಲ್ಲಿ ಅಪ್ಪನ ಕಾಲದ ಮುದಿ ಎತ್ತು, ಹಲ್ಲು ಸವೆದು ಹುಲ್ಲು ಅಗಿಯಲಾರದು. ಅದಕ್ಕೆಂದು ಹುಲ್ಲು ಸಣ್ಣಗೆ ಕತ್ತರಿಸಿ ಬೂಸಾ ಕಲಸುತ್ತಿದ್ದ. ಕಲಸುತ್ತಲೇ ನನ್ನ ಮಾತು ಕೇಳಿದ.

‘ಚೈತ್ರ, ವೈಶಾಕ, ಜೇಷ್ಟ, ಆಸಾಡ. ನಾಲ್ಕೂ ತೀರ್ಸಿವ್ನಿ. ಒಂದು ದಿನ ಕಮ್ಮಿ ಮಾಡಿದ್ರೆ ಏಳು, ಆ ದಿನ ಮಡೀಕತೀನಿ. ಮಂಡ್ಯದೋನು ಕೋಟು ಆಕ್ಕೊಂಡು ಕಾನೂನು ಮಾತಾಡ್ತಾನೆ, ನಾನೊಬ್ಬ ಬೆಪ್ಪು ಸಿಕ್ಕಿವ್ನಾ?’

‘ಈ ಎತ್ತಿಗೆ ಯಾವ ತಿಂಗಳಣ್ಣ?’ ಎಂದೆ.

‘ಎತ್ತು ನನ್ನ ಪಾಲಿಗೆ ಬಂದುದ್ದು ಕಣಮ್ಮೀ’ ಎಂದ. ಅವನ ಮುಖದಲ್ಲಿ ಕೋಪ ಇರಲಿಲ್ಲ. ತಿಳಿಯದವಳಿಗೆ ತಿಳಿಸಿ ಹೇಳುವಂತೆ ಹೇಳಿದ.

ಅವನ ಹೆಂಡತಿ ಬೀಸುವ ಕಲ್ಲಿನ ಪಕ್ಕದ ಗುಡಾಣದಿಂದ ಮೂರು ಸೇರು ರಾಗಿಹಿಟ್ಟು ಅಳೆದು ಅವ್ವನ ಚೀಲಕ್ಕೆ ಹಾಕಿದಳು. ‘ಇದು ಚೀಟಿಗೆ ಸೇರಿದ್ದಲ್ಲ, ಧರ್ಮಕ್ಕೆ’ ಎಂದಳು. ಗೇಯುವವರು ಒಂದು ವಾರದಲ್ಲಿ ತಿಂದು ಮುಗಿಸುವಷ್ಟು ಹಿಟ್ಟು ಅದು. ಅವ್ವ ಅವಳನ್ನು ಹರಸಿದಳು.

ಮಳವಳ್ಳಿಯ ತಮ್ಮನಿಗೆ ನಾನು ಕಾಗದ ಬರೆದೆ. ಎಂಟು ದಿನಕ್ಕೆ ಕಾರ್ಡು ಬಂತು. ‘ದೊಡ್ಡವರಿಬ್ಬರು ಇರುವಾಗ ಚಿಕ್ಕವನು ಮುಂದೆ ಬೀಳುವುದು ಮರ್ಯಾದೆಯಲ್ಲ. ಮಾರ್ಗಶಿರಕ್ಕೆ ನಾನೇ ಬಂದು ಕರೆದೊಯ್ಯುತ್ತೇನೆ. ಅವ್ವನಿಗೆ ನನ್ನ ಅನಂತ ನಮಸ್ಕಾರಗಳು.’ ಅವ್ವ ಅದನ್ನು ಎರಡು ಸಲ ಓದಿಸಿದಳು. ‘ಮರ್ವಾದೆ ಬಲ್ಲ ನನ್ ಮಗ’ ಎಂದಳು. ಅಂಥ ಕಾರ್ಡು ಬರೆಯುವವರು ಈ ಸೀಮೆಯಲ್ಲಿ ಮನೆಗೊಬ್ಬರಿದ್ದಾರೆ. ನಮಸ್ಕಾರಕ್ಕೆ ಖರ್ಚಿಲ್ಲ.

ಹೀಗೆ ಆ ತಿಂಗಳು ಅವ್ವ ನಮ್ಮ ಮನೆಯಲ್ಲಿ ಉಳಿದಳು. ಉಳಿದಳು ಎನ್ನುವುದಕ್ಕಿಂತ ಹಿತ್ತಿಲಿನಲ್ಲಿದ್ದಳು. ಮಲಗುವುದಕ್ಕೆ ಮಾತ್ರ ನಡುಮನೆಗೆ ಬರುವಳು. ಯಜಮಾನರು ಮೊದಲ ದಿನವೇ, ‘ಅತ್ತೆ, ಇದೂ ನಿಮ್ಮ ಮನೆಯೇ, ನಮ್ಮ ಜೊತೆ ಉಣ್ಣಿ’ ಎಂದರು. ‘ನೀವು ಅಂದ್ರಲ್ಲ, ಒಟ್ಟೆ ತುಂಬ್ತು’ ಎಂದಳು. ನಾನು ಬೇಡಿದೆ, ಬೈದೆ, ಕಣ್ಣೀರಿಟ್ಟೆ.

‘ಮೂರು ಗಂಡು ಎತ್ತೋಳು ಮಗಳ ಮನೆ ಬಾಗ್ಲಿಗೆ ಬಿದ್ಲು ಅನ್ನಿಸ್ಕಬೇಕಾ ನಾನು? ಚೀಟೀಲಿ ನಿನ್ನ ಎಸ್ರದಾ?’

ಇಲ್ಲ.

‘ಇಲ್ಲ ಅಂದ್ಮೇಲೆ ಸುಮ್ಕಿರು. ನನ್ ಮಗ ಕೊಟ್ಟ ಇಟ್ಟದೆ.’

ಅವಳ ಹಿಟ್ಟಿನ ಚೀಲ ಹಿತ್ತಿಲ ಗೂಡಿನಲ್ಲಿರುತ್ತಿತ್ತು. ನಾಲ್ಕನೆಯ ದಿನದಿಂದ ನಾನು ಕಳ್ಳತನ ಶುರುಮಾಡಿದೆ. ಅವಳು ನಾಲೆಯ ಬದಿಗೆ ಸೊಪ್ಪು ಕುಯ್ಯಲು ಹೋದಾಗ ನಮ್ಮ ಡಬ್ಬದಿಂದ ಒಂದು ಪಾವು ಹಿಟ್ಟು ತಂದು ಅವಳ ಚೀಲದೊಳಕ್ಕೆ ಸುರಿದುಬಿಡುತ್ತಿದ್ದೆ. ಎರಡು ದಿನಕ್ಕೊಮ್ಮೆ ಹೀಗೆ. ಚೀಲ ಬರಿದಾಗಲೇ ಇಲ್ಲ. ಅವಳು ಒಂದು ಸಲವೂ ಅದರ ಮಾತೆತ್ತಲಿಲ್ಲ. ಮುದುಕಿಗೆ ಕಣ್ಣು ಮಂಜು, ಗೊತ್ತಾಗಿಲ್ಲ ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಯಜಮಾನರಿಗೂ ಹೇಳಿ ನಗಿಸಿದೆ.

ಅವಳು ಉಣ್ಣುತ್ತಿದ್ದದ್ದು ನಾನು ನೀರಿಗೆ ಹೋದ ಹೊತ್ತಿನಲ್ಲಿ. ಬರುವಷ್ಟರಲ್ಲಿ ಗಂಗಳ ತೊಳೆದು ಬೋರಲು ಹಾಕಿರುತ್ತಿದ್ದಳು. ತೆಳ್ಳಗಾದಳು. ವಯಸ್ಸಾಯಿತು ಎಂದುಕೊಂಡೆ. ನಡೆಯುವಾಗ ಗೋಡೆ ಹಿಡಿದಳು. ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ಚಿಕ್ಕಣ್ಣನ ಮನೆಗೆ ಹೋದರೆ ಸರಿಹೋಗುತ್ತಾಳೆ ಎಂದುಕೊಂಡೆ. ನನ್ನ ಅಣ್ಣತಮ್ಮಂದಿರನ್ನು ಇಷ್ಟು ಹೀಯಾಳಿಸುತ್ತಿರುವ ನಾನು ಒಂದು ದಿನ ನೀರಿನ ಬಿಂದಿಗೆ ಇಳಿಸಿ ಅವಳ ಗಂಗಳದಲ್ಲಿ ಏನಿದೆ ಎಂದು ನೋಡಲಿಲ್ಲ.

ಸ್ವಾತಂತ್ರ್ಯ ಬಂದ ದಿನ ಇಸ್ಕೂಲಿನಲ್ಲಿ ಬಾವುಟ ಹಾರಿಸಿ ಬೂಂದಿ ಹಂಚಿದರು. ಯಜಮಾನರು ತಮ್ಮ ಪಾಲಿನದನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ಅವ್ವನ ಮುಂದೆ ಹಿಡಿದರು.

‘ಏನಬ್ಬ?’ ಎಂದಳು. ‘ಅದಿಕದಲ್ಲಿ ಯಾರಾದ್ರೂ ಅಬ್ಬ ಮಾಡ್ತಾರಾ?’

‘ಇದು ಪಂಚಾಂಗದ ಹಬ್ಬ ಅಲ್ಲ ಅತ್ತೆ. ಸರ್ಕಾರದ್ದು. ಇಸ್ಕೂಲಲ್ಲಿ ಎಲ್ಲರಿಗೂ ಕೊಟ್ಟರು.’

‘ಇಸ್ಕೂಲುದ್ದಾ? ನಿಮ್ಮನೇದಲ್ವಾ?’

‘ಅಲ್ಲ.’

‘ಅಂಗಾದ್ರೆ ತನ್ನಿ.’

ಅವಳು ಬೂಂದಿಯನ್ನು ನಿಂತುಕೊಂಡೇ ತಿಂದಳು. ಒಂದೊಂದು ಕಾಳನ್ನೂ ತಿಂದಳು, ಕಾಗದಕ್ಕೆ ಅಂಟಿದ ಪಾಕವನ್ನು ಬೆರಳಿನಿಂದ ಬಳಿದು ತಿಂದಳು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತ, ‘ಮುದುಕಿಗೆ ಸಿಹಿ ಅಂದರೆ ಎಷ್ಟು ಆಸೆ’ ಎಂದು ನಕ್ಕೆ.

ಮಾರನೆಯ ದಿನ ಅಮಾವಾಸ್ಯೆ, ಅಧಿಕದ ಕೊನೆಯ ದಿನ. ಬೆಳಿಗ್ಗೆ ಸ್ನಾನ ಮಾಡಿ, ನಾಳೆ ಮಂಡ್ಯಕ್ಕೆ ಹೋಗಲೆಂದು ತಾನೇ ಗಂಟು ಕಟ್ಟಿಟ್ಟಳು. ಗಂಟಿಗೆ ತಲೆಯಿಟ್ಟು ಜಗಲಿಯ ಮೇಲೆ ಒರಗಿದಳು. ಮಧ್ಯಾಹ್ನ ಕೂಗಿದರೆ ಏಳಲಿಲ್ಲ.

ಮೂವರೂ ಬಂದರು. ಚಿಕ್ಕಣ್ಣ ಕಣ್ಣೊರೆಸಿಕೊಂಡು, ‘ನಾಳೆ ನನ್ನ ಮನೆಗೆ ಬರೋಳು ಕಣಮ್ಮೀ, ನಾಳೆ’ ಎಂದು ಬಿಕ್ಕಿದ. ಅದು ನಿಜ. ಒಂದು ದಿನ ತಡೆದಿದ್ದರೆ ಅವನ ಪಾಲಿಗೆ ಬರುತ್ತಿದ್ದಳು, ಖರ್ಚೂ ಅವನದಾಗುತ್ತಿತ್ತು. ಯಾರ ಸರದಿಯಲ್ಲೂ ಸಾಯಲಿಲ್ಲವಾದ್ದರಿಂದ ತಿಥಿಯನ್ನು ಮೂವರೂ ಕೂಡಿ ಮಾಡುವುದೆಂದು ಹೆಣದ ಮುಂದೆಯೇ ತೀರ್ಮಾನವಾಯಿತು. ಅದಕ್ಕೆ ಚೀಟಿ ಬೇಕಾಗಲಿಲ್ಲ. ಗಾಡಿಯಲ್ಲಿ ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿದರು.

ಹನ್ನೊಂದನೆಯ ದಿನ ಊರಿಗೆ ಊರೇ ಉಂಡಿತು. ರೇಷನ್ ಕಾಲದಲ್ಲಿ ಅಷ್ಟು ಅಕ್ಕಿ ಎಲ್ಲಿಂದ ಬಂತೋ, ಮೂವರಿಗೂ ಸಿಕ್ಕಿತು. ಮಳವಳ್ಳಿಯಿಂದ ಬೆಲ್ಲ ಬಂತು. ಎಡೆ ಇಡುವಾಗ ದೊಡ್ಡಣ್ಣ ನನ್ನನ್ನು ಕೇಳಿದ: ‘ಅವ್ವನ್ಗೆ ಏನಿಷ್ಟ ಇತ್ತಮ್ಮೀ?’

‘ಹಿಟ್ಟು’ ಎಂದೆ.

‘ಎಡೆಗೆ ಯಾರಾದ್ರೂ ಮುದ್ದೆ ಇಟ್ಟಾರಾ, ಊರು ನಗಾಕಿಲ್ವಾ’ ಎಂದು ಪಾಯಸ, ಒಬ್ಬಟ್ಟು, ಚಿತ್ರಾನ್ನ ಇಟ್ಟ. ಉಂಡೆದ್ದವರು ಕೈ ತೊಳೆಯುತ್ತ ಹೊಗಳಿದರು. ಪುಣ್ಯವಂತೆ, ಮೂರು ಮಕ್ಕಳ ಕೈಯಲ್ಲಿ ಮಣ್ಣು ಹಾಕಿಸಿಕೊಂಡಳು ಎಂದರು. ಅಧಿಕ ಬಂದಾಗ ನೋಡಿಕೊಳ್ಳೋಣ ಎಂದಿದ್ದ ಹಿರಿಯರೂ ಎರಡು ಸಲ ಪಾಯಸ ಹಾಕಿಸಿಕೊಂಡರು. ನಮ್ಮ ಜನಕ್ಕೆ ಸತ್ತ ಮುದುಕರ ಮೇಲೆ ಇರುವ ಪ್ರೀತಿಯಲ್ಲಿ ಒಂದು ಪಾವನ್ನು ಬದುಕಿರುವವರ ಕಡೆ ತಿರುಗಿಸಿದ್ದರೆ ಸಾಕಿತ್ತು. ತಿರುಗಿಸುವುದಿಲ್ಲ. ಬದುಕಿರುವವರಿಗೆ ಇಕ್ಕಿದ್ದನ್ನು ಊರು ನೋಡುವುದಿಲ್ಲ.

ತಿಥಿ ಮುಗಿಸಿ ಮದ್ದೂರಿಗೆ ಬಂದ ಮೇಲೆ ಅವ್ವನ ಗಂಟು ಬಿಚ್ಚಿದೆ. ಸೀರೆಗಳ ನಡುವೆ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಮೂಟೆ ಇತ್ತು, ಭಾರವಾಗಿತ್ತು. ಬಿಚ್ಚಿದರೆ ಹಿಟ್ಟು. ನಮ್ಮ ಹಿಟ್ಟು.

ಊರಿನ ಹಿಟ್ಟು ಕಲ್ಲಿನಲ್ಲಿ ಬೀಸಿದ್ದು, ತರಿತರಿ, ಬಣ್ಣ ಕಪ್ಪು. ನಾವು ಮಿಲ್ಲಿನಲ್ಲಿ ಹಾಕಿಸುತ್ತಿದ್ದದ್ದು ನುಣ್ಣಗೆ, ತುಸು ಬಿಳುಪು. ನಾನು ಮೇಲೆ ಮೇಲೆ ಸುರಿದದ್ದನ್ನು ಅವಳು ಮೇಲೆ ಮೇಲೆಯೇ ತೆಗೆದು ಬೇರೆ ಕಟ್ಟಿಟ್ಟಿದ್ದಳು. ಒಂದು ಹಿಡಿಯನ್ನೂ ಮುಟ್ಟಿರಲಿಲ್ಲ. ನನಗೆ ಬೇಜಾರಾದೀತು ಎಂದು ಹೇಳಿರಲಿಲ್ಲ ಅಷ್ಟೇ. ಮಗನ ಮನೆಯಿಂದ ಧರ್ಮಕ್ಕೆ ಬಂದ ಮೂರು ಸೇರನ್ನು ಅಮಾವಾಸ್ಯೆಯ ತನಕ ಬರುವಂತೆ ಉಂಡಿದ್ದಳು. ಅವಳ ಚೀಲದ ಮೂಲೆಯಲ್ಲಿ ಇನ್ನೊಂದು ಹೊತ್ತಿಗಾಗುವಷ್ಟು ಕಪ್ಪು ಹಿಟ್ಟು ಉಳಿದಿತ್ತು. ಮಂಡ್ಯಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ಇರಬೇಕು.

ಎಲೆಯಡಿಕೆ ಚೀಲದಲ್ಲಿ ಚೀಟಿ ಇತ್ತು. ಮಡಿಕೆಗಳಲ್ಲಿ ಹರಿದು ಸುಣ್ಣದ ಕಲೆಯಾಗಿತ್ತು. ಅದು ಈಗ ನನ್ನ ಪೆಟ್ಟಿಗೆಯಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಅಕ್ಷರ ನಿಜವಾಗಿಯೂ ದುಂಡಗಿದೆ. ಫಾಲ್ಗುಣದ ಕೆಳಗೆ ಇನ್ನೊಂದು ಸಾಲಿಗೆ ಆಗುವಷ್ಟು ಜಾಗ ಅವತ್ತೂ ಇತ್ತು, ಈಗಲೂ ಇದೆ. ಅವ್ವ ಕೇಳಿದಾಗ ಲೇಖನಿ ನನ್ನ ಕೈಯಲ್ಲೇ ಇತ್ತು. ಎಲ್ಲರೂ ನಗುತ್ತಿದ್ದರು, ನಾನು ಏನು ಬರೆಯುತ್ತಿದ್ದೇನೆಂದು ಯಾರೂ ನೋಡುತ್ತಿರಲಿಲ್ಲ. ‘ಅಧಿಕ, ಮಗಳು’ ಎಂದು ಬರೆದಿದ್ದರೆ ಅವಳು ಅದನ್ನು ನ್ಯಾಯವೆಂದುಕೊಂಡು ನನ್ನ ಮನೆಯ ಹಿಟ್ಟು ಉಣ್ಣುತ್ತಿದ್ದಳು.

ಆ ಸಾಲು ಚೀಟಿಯಲ್ಲಿ ಇಲ್ಲ.